ಕಿಟಕಿ ಪಕ್ಕದ ಜಾಗದಲ್ಲಿ ಬೇವಿನ ಸೊಪ್ಪು

ಹುಣಸೂರಿನ ಹೊಗೆಸೊಪ್ಪಿನ ಶೆಡ್ಡೊಂದರಲ್ಲಿ ನಾನು ರೈಟರ್ ಆಗಿದ್ದೆ ಎಂದರೆ ಮೊಮ್ಮಕ್ಕಳು ಅಜ್ಜಿ ಕಥೆ ಬರೆಯುತ್ತಿದ್ದಳು ಎಂದುಕೊಳ್ಳುತ್ತಾರೆ. ಕಥೆಯೂ ಇಲ್ಲ, ಮಣ್ಣೂ ಇಲ್ಲ. ಬೆಳಿಗ್ಗೆ ಗೇಟಿನಲ್ಲಿ ನಿಂತು ಹೆಣ್ಣಾಳುಗಳ ಹೆಸರು ಕೂಗುವುದು, ಬಂದವರನ್ನು ಒಳಗೆ ಬಿಡುವುದು, ಬಾರದವರ ಮೇಲೆ ಸಾಹುಕಾರರು ಎಗರಾಡುವಾಗ ನಾನೇ ಬಾರದವಳ ಹಾಗೆ ತಲೆ ತಗ್ಗಿಸಿ ನಿಲ್ಲುವುದು, ಇಷ್ಟೇ ನನ್ನ ಕೆಲಸ. ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ಎಸ್ಸೆಸ್ಸೆಲ್ಸಿ ಪಾಸು ಮಾಡಿ ಮನೆಯಲ್ಲಿ ಕೂತು ಅವ್ವನ ಕೈಲಿ ಬೈಸಿಕೊಳ್ಳುವುದಕ್ಕಿಂತ ಈ ಕೆಲಸ ಎಷ್ಟೋ ವಾಸಿಯಾಗಿತ್ತು.

ಸುತ್ತಮುತ್ತಲ ಊರುಗಳ ಬ್ಯಾರನ್‌ ಎಂಬ ಎತ್ತರದ ಗೂಡುಗಳಲ್ಲಿ ಬೆಂಕಿಯ ಕಾವಿಗೆ ಒಣಗಿದ ಸೊಪ್ಪು ಗಾಡಿಗಳಲ್ಲಿ ನಮ್ಮ ಶೆಡ್ಡಿಗೆ ಬರುತ್ತಿತ್ತು. ಹೆಂಗಸರು ಸಾಲಾಗಿ ಮಣೆಯ ಮೇಲೆ ಕೂತು ಒಂದೊಂದೇ ಎಲೆ ಬಿಡಿಸಿ ನೋಡಿ, ನಿಂಬೆಹಣ್ಣಿನ ಬಣ್ಣದ್ದು ಒಂದು ಕಡೆ, ಕಿತ್ತಳೆ ಬಣ್ಣದ್ದು ಇನ್ನೊಂದು ಕಡೆ, ಹಸಿರು ಉಳಿದದ್ದು ಮತ್ತೊಂದು ಕಡೆ ಎಂದು ವಿಂಗಡಿಸಿ ಕಂತೆ ಕಟ್ಟುತ್ತಿದ್ದರು. ಬಣ್ಣ ನೋಡುವ ಕೆಲಸವಾದ್ದರಿಂದ ಬೆಳಕೇ ಮುಖ್ಯ. ಕಿಟಕಿ ಪಕ್ಕದ ಮಣೆಗಳು ಸಿಕ್ಕವರು ಪುಣ್ಯವಂತರು. ಒಳಗಿನ ಮೂಲೆಗಳಲ್ಲಿ ಕೂತವರು ಕಣ್ಣು ಕಿರಿದು ಮಾಡಿಕೊಂಡು, ಸೊಪ್ಪಿನ ಘಾಟಿಗೆ ಕೆಮ್ಮುತ್ತಾ, ಹಸಿರನ್ನು ಹಳದಿ ಎಂದು ಹಾಕಿ ಬೈಸಿಕೊಳ್ಳುತ್ತಿದ್ದರು.

ಸುಗ್ಗಿಯ ತಿಂಗಳುಗಳಲ್ಲಿ ಕೆಲಸ ಕೇಳಿಕೊಂಡು ಗೇಟಿನ ಹೊರಗೂ ಹೆಂಗಸರು ಕಾದು ನಿಂತಿರುತ್ತಿದ್ದರು. ನಾನು ಹೆಸರು ಕೂಗಿ ಮುಗಿಸಿದಾಗ ಯಾವ ಮಣೆ ಖಾಲಿಯೋ ಆ ಮಣೆಗೆ ಹೊರಗಿನವಳೊಬ್ಬಳನ್ನು ಕೂರಿಸಬೇಕು, ಇದು ಸಾಹುಕಾರರ ಕಾನೂನು. ಮಾರನೆಯ ದಿನ ಹಳಬಳು ಬಂದರೆ ಅವಳಿಗೆ ಕತ್ತಲ ಮೂಲೆ, ಇಲ್ಲವೇ ಬಂದ ದಾರಿ. ಅವರಿಗೆ ಯಾವ ಕಾರಣವೂ ನಾಟುತ್ತಿರಲಿಲ್ಲ. ಜ್ವರ ಎಂದರೆ "ಕಷಾಯ ಕುಡಿದು ಬರಬೇಕಿತ್ತು" ಅನ್ನುವರು. ಸೊಂಟ ನೋವು ಎಂದರೆ "ಇಲ್ಲೇನು ಕಲ್ಲು ಹೊರ್ತೀಯಾ, ಕೂತ್ಕೊಂಡೇ ಅಲ್ವಾ ಕೆಲಸ" ಅನ್ನುವರು. ಹಾಗಾಗಿ ಹೆಂಗಸರು ಸಣ್ಣಪುಟ್ಟ ಕಾಯಿಲೆಗಳನ್ನು ಹೇಳುವುದನ್ನೇ ಬಿಟ್ಟು ಅತ್ತೆ ಮಾವಂದಿರನ್ನು ಸಾಯಿಸಲು ಶುರು ಮಾಡಿದ್ದರು. "ಮೈಗೆ ಉಷಾರಿಲ್ಲ, ಇವತ್ತು ಬರುವುದಿಲ್ಲ" ಎಂಬ ಸೀದಾ ಮಾತನ್ನು ಆ ಗೇಟಿನಲ್ಲಿ ಒಬ್ಬರೂ ಆಡಿದ್ದನ್ನು ನಾನು ಕೇಳಿರಲಿಲ್ಲ.

ಒಂದಕ್ಕೆ ಮಾತ್ರ ಸಾಹುಕಾರರು ತಲೆ ಬಾಗುತ್ತಿದ್ದರು. ಮೈಮೇಲೆ ಬೊಬ್ಬೆ ಏಳುವ ಸೀತಾಳೆ ಸಿಡುಬನ್ನು ನಮ್ಮ ಕಡೆ ಕಾಯಿಲೆ ಅನ್ನುವುದಿಲ್ಲ, ಮನೆಗೆ ಅಮ್ಮ ಬಂದಿದ್ದಾಳೆ ಅನ್ನುತ್ತೇವೆ. ಆ ತಾಯಿ ಇರುವಷ್ಟು ದಿನ ಬಾಗಿಲಿಗೆ ಬೇವಿನ ಸೊಪ್ಪು, ಅಡಿಗೆಗೆ ಒಗ್ಗರಣೆ ಇಲ್ಲ. ಹೊರಗಿನವರು ಒಳಗೆ ಹೋಗುವಂತಿಲ್ಲ, ಒಳಗಿನವರು ಹೊರಗೆ ಬರುವಂತಿಲ್ಲ. ಬಾಯಿಬಿಟ್ಟು ಹೇಳಿ ಕಳಿಸುವುದೂ ಒಳ್ಳೆಯದಲ್ಲ ಎಂದು ಅರಿಶಿನದ ದಾರ ಕಟ್ಟಿದ ಬೇವಿನ ಕಡ್ಡಿಯೊಂದನ್ನು ಬಸ್ಸಿನ ಕಂಡಕ್ಟರ್ ಕೈಲಿ ಶೆಡ್ಡಿಗೆ ಕಳಿಸುತ್ತಿದ್ದರು. ಸಾಹುಕಾರರ ಮುಖದ ತುಂಬ ಚಿಕ್ಕಂದಿನಲ್ಲಿ ದೊಡ್ಡ ಸಿಡುಬು ಬಿಟ್ಟುಹೋದ ಕಲೆಗಳಿದ್ದವು. ಬೇವು ಕಂಡ ತಕ್ಷಣ ಚಪ್ಪಲಿ ಬಿಟ್ಟು ಕೈ ಮುಗಿಯುವರು. ಬೊಬ್ಬೆ ಬಾಡಿದ ಮೇಲೆ ದಿನ ಬಿಟ್ಟು ಹಾಕುವ ಮೂರು ನೀರಿನಲ್ಲಿ ಕೊನೆಯದೂ ಆಗಿ ಅವಳು ಬರುವ ತನಕ ಅಂಥವಳ ಮಣೆ ಅವಳದೇ.

ಗಾವಡಗೆರೆ ಕಡೆಯಿಂದ ಬರುತ್ತಿದ್ದ ಹುಡುಗಿಯೊಬ್ಬಳಿದ್ದಳು. ನನಗಿಂತ ಒಂದೆರಡು ವರ್ಷ ಚಿಕ್ಕವಳು. ಮೂಲೆಯಲ್ಲಿ ಎರಡು ಸುಗ್ಗಿ ಕಳೆದು, ಘಾಟು ಕುಡಿದು, ಬೈಸಿಕೊಂಡು, ಕೊನೆಗೂ ಕಿಟಕಿ ಪಕ್ಕದ ಮಣೆ ಸಂಪಾದಿಸಿದ್ದಳು. ಆ ಮಣೆಯನ್ನು ಬೆಳಿಗ್ಗೆ ಸೆರಗಿನಿಂದ ಒರೆಸಿಯೇ ಕೂರುವಳು. ಒಂದು ದಿನ ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ನನ್ನ ಪಕ್ಕ ಬಂದು ಕೂತಳು.

"ನಾಳೆ ನನ್ನ ನೋಡಾಕೆ ಬತ್ತಾವ್ರೆ ರೈಟ್ರಮ್ಮ. ಪಿರಿಯಾಪಟ್ಟಣದ ರಸ್ತೇಲಿ ಊರಂತೆ. ಒಂದಿನ ರಜ ಕೊಡ್ಸಿ."

"ನಾನು ಕೊಡಿಸೋದಾದ್ರೆ ಮೊದಲು ನಾನೇ ತಗೊಳ್ತಿದ್ದೆ. ನಡಿ, ಕೇಳೋಣ" ಎಂದು ಅವಳನ್ನು ಸಾಹುಕಾರರ ಮುಂದೆ ನಿಲ್ಲಿಸಿದೆ.

ಅವರು ತಲೆ ಎತ್ತಲಿಲ್ಲ. "ನೋಡಕ್ಕೆ ಬರೋರು ಇಲ್ಲಿಗೇ ಬಂದು ನೋಡ್ಲಿ. ಬೆಳಕು ಚೆನ್ನಾಗಿದೆ" ಅಂದರು.

ಹುಡುಗಿ ಹೊರಗೆ ಬಂದು ಕಣ್ಣೊರೆಸಿಕೊಂಡಳು. ಮದುವೆಗೋಸ್ಕರ ಅಳುತ್ತಿದ್ದಾಳೆ ಎಂದುಕೊಂಡು ಸಮಾಧಾನ ಮಾಡಲು ಹೋದೆ. "ಗಂಡು ಇವ್ನಲ್ದಿದ್ರೆ ಇನ್ನೊಬ್ಬ ಬತ್ತಾನೆ. ಆ ಕಿಟಕಿ ಜಾಗ ಓದ್ರೆ ನಂಗೆ ಇನ್ನ್ಯಾರು ಕೊಟ್ಟಾರು?" ಅಂದಳು. ನನಗೆ ಆ ಮಾತು ಹಿಡಿಸಿಬಿಟ್ಟಿತು. ಅವತ್ತಿನಿಂದ ಅವಳ ಮಣೆ ಉಳಿಯಲಿ ಎಂಬ ಆಸೆ ಅವಳಷ್ಟೇ ನನಗೂ ಹತ್ತಿತು.

ಮಾರನೆಯ ಬೆಳಿಗ್ಗೆ ಗಾವಡಗೆರೆ ಬಸ್ಸಿನ ಕಂಡಕ್ಟರ್ ಗೇಟಿಗೆ ಬಂದ. ಕೈಯಲ್ಲಿ ಅರಿಶಿನದ ದಾರ ಕಟ್ಟಿದ ಬೇವಿನ ಕಡ್ಡಿ. "ನಿಮ್ಮ ಕಿಟಕಿ ಹುಡುಗಿ ಮನೇದು ಕಣಮ್ಮ. ಅವರವ್ವ ಕೊಟ್ರು" ಎಂದು ಒಪ್ಪಿಸಿ ಹೋದ. ನನಗೆ ಎಲ್ಲ ಅರ್ಥವಾಯಿತು. ನಗು ಬಂತು, ಅದರ ಹಿಂದೆಯೇ ಭಯವೂ ಬಂತು. ತಾಯಿಯ ಹೆಸರಲ್ಲಿ ಸುಳ್ಳು ಹೇಳಿದವರು ಅವರು, ಆ ಕಡ್ಡಿಯನ್ನು ಸಾಹುಕಾರರ ಮುಂದೆ ಹಿಡಿಯಬೇಕಾದವಳು ನಾನು. ಸಾಹುಕಾರರು ಮಾತ್ರ ಎದ್ದು ನಿಂತು, ಚಪ್ಪಲಿ ಬಿಟ್ಟು, ಕೈ ಮುಗಿದರು. "ಎಳೇ ಹುಡುಗಿ, ಮುಖ ಉಳಿಸು ತಾಯಿ" ಎಂದು ಮೆಲ್ಲಗೆ ಅಂದರು. ಗೇಟಿನ ಹೊರಗೆ ಕಾಯುತ್ತಿದ್ದವರಲ್ಲಿ ಒಬ್ಬಳು ಆಗಲೇ ಒಳಗೆ ಒಂದು ಕಾಲಿಟ್ಟಿದ್ದಳು. ನಾನು ಬೇವಿನ ಕಡ್ಡಿಯನ್ನು ತಂದು ಕಿಟಕಿ ಪಕ್ಕದ ಮಣೆಯ ಮೇಲೆ ಇಟ್ಟೆ. ಇನ್ನು ಅಲ್ಲಿ ಕೂರುವ ಧೈರ್ಯ ಯಾರಿಗಿದೆ? ಕಾಲಿಟ್ಟವಳು ಹಿಂದೆ ಸರಿದಳು.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಅವ್ವ ಮಗಳು ಸಾಹುಕಾರರನ್ನು ಲೆಕ್ಕಕ್ಕೆ ಹಿಡಿದಿದ್ದರು, ಬಸ್ಸನ್ನು ಮರೆತಿದ್ದರು. ಪಿರಿಯಾಪಟ್ಟಣದ ಕಡೆಯಿಂದ ಗಾವಡಗೆರೆಗೆ ಹೋಗುವವರು ಹುಣಸೂರಿನಲ್ಲಿ ಇಳಿದು ಬಸ್ಸು ಬದಲಿಸಬೇಕು. ಬದಲಿಸಿ ಹತ್ತುವುದು ಬೇವಿನ ಕಡ್ಡಿ ತಂದ ಅದೇ ಬಸ್ಸನ್ನು, ಟಿಕೆಟ್ ಹರಿಯುವವನು ಅದೇ ಕಂಡಕ್ಟರ್.

ಸ್ವಲ್ಪ ಹೊತ್ತಿಗೆ ಗೇಟಿನ ಮುಂದೆ ಒಬ್ಬ ಹೆಂಗಸು ನಿಂತಿದ್ದರು. ಅಗಲ ಕುಂಕುಮ, ಅಂಚಿನ ಸೀರೆ, ಕೈಯಲ್ಲಿ ಹೂವು ಹಣ್ಣಿನ ಬುಟ್ಟಿ. ಹಿಂದೆ ರಸ್ತೆಯಾಚೆ ಇಬ್ಬರು ಗಂಡಸರು, ಅವರ ನಡುವೆ ಹೊಸ ಪಂಚೆ ಉಟ್ಟು ಎಲ್ಲಿ ನೋಡಬೇಕೆಂದು ತಿಳಿಯದೆ ನಿಂತ ಒಬ್ಬ ಹುಡುಗ.

"ಇಂಥೋರ ಮನೆ ಹುಡುಗಿ ಇಲ್ಲೇನವ್ವ ಕೆಲ್ಸ ಮಾಡಾದು?" ಎಂದು ಕೇಳಿದರು. ಹೌದೆಂದೆ. "ಅವಳ್ನ ನೋಡಾಕೆ ಒಂಟಿದ್ದೋ. ಆ ಮನೇಲಿ ಅಮ್ಮ ಬಂದವ್ಳೆ, ಓಗ್ಬ್ಯಾಡಿ ಅಂತ ಕಂಡಕ್ಟ್ರು ಇಳಿಸ್ಬುಟ್ಟ. ದಿಟವಾ?"

ಇಲ್ಲ ಎಂದರೆ ಇವರು ಹೋಗುತ್ತಾರೆ, ಹುಡುಗಿಯ ಮದುವೆ ಮಾತು ನಡೆಯುತ್ತದೆ, ಆದರೆ ಹತ್ತು ಮಾರು ದೂರದಲ್ಲಿ ಕೂತ ಸಾಹುಕಾರರ ಕಿವಿಗೆ ಬಿದ್ದು ಮಣೆ ಹೋಗುತ್ತದೆ. ಹೌದು ಎಂದರೆ ಮಣೆ ಉಳಿಯುತ್ತದೆ, ಗಂಡು ಹಿಂದಕ್ಕೆ ಹೋಗುತ್ತಾನೆ. ನಾನು ಹೌದು ಇಲ್ಲ ಎರಡನ್ನೂ ಬಿಟ್ಟು ಒಳಗೆ ಕೈ ತೋರಿಸಿದೆ. ಆಕೆ ಬಗ್ಗಿ ನೋಡಿದರು. ಕಿಟಕಿಯ ಬಿಸಿಲು ಬಿದ್ದ ಮಣೆ, ಅದರ ಮೇಲೆ ಬೇವು, ಪಕ್ಕದಲ್ಲಿ ಅವಳು ಹಿಂದಿನ ದಿನ ಕಟ್ಟಿಟ್ಟ ಕಂತೆಗಳು.

"ಈ ಕಂತೆ ಅವಳು ಕಟ್ಟಿದ್ದಾ?"

"ಹೌದು. ಈ ಶೆಡ್ಡಿನಲ್ಲಿ ಅವಳ ಕಂತೇಲಿ ತಪ್ಪಿದೆಯಾ ಅಂತ ಯಾರೂ ಬಿಚ್ಚಿ ನೋಡಲ್ಲ" ಅಂದೆ. ಅದು ನಿಜವಾದ್ದರಿಂದ ಜೋರಾಗಿಯೇ ಹೇಳಿದೆ.

ಆಕೆ ಮತ್ತೊಮ್ಮೆ ಮಣೆಯನ್ನೂ ನನ್ನ ಮುಖವನ್ನೂ ನೋಡಿ ಬುಟ್ಟಿಯನ್ನು ನನ್ನ ಕೈಗಿತ್ತರು. "ತಂದ ಹೂವು ಹಣ್ಣು ವಾಪಸ್ ತಕ್ಕೊಂಡ್ ಓಗಬಾರ್ದು. ತಾಯಿಗೆ ಅಂತ ಕಳಿಸ್ಬುಡವ್ವ" ಎಂದು ಹೇಳಿ ರಸ್ತೆ ದಾಟಿದರು. ಹೊಸ ಪಂಚೆಯ ಹುಡುಗ ತಿರುತಿರುಗಿ ಶೆಡ್ಡಿನ ಕಡೆ ನೋಡುತ್ತಾ ಹೋದ. ಪಾಪ ಅನ್ನಿಸಿತು.

ಅತ್ತ ಹುಡುಗಿ ಜಡೆಗೆ ಹೂ ಮುಡಿದು ಸಂಜೆಯ ತನಕ ಕಾದಿದ್ದಾಳೆ. ಕೊನೆಯ ಬಸ್ಸಿನಲ್ಲಿ ಬುಟ್ಟಿಯೂ ಕಂಡಕ್ಟರನ ಬಾಯಿಂದ ಸುದ್ದಿಯೂ ಹೋದ ಮೇಲೆ ಮನೆಯಲ್ಲಿ ಒಲೆ ಹಚ್ಚಲಿಲ್ಲವಂತೆ. ಅಷ್ಟಕ್ಕೇ ಮುಗಿಯಲಿಲ್ಲ. ಮಾರನೆಯ ದಿನ ಕೆಲಸಕ್ಕೂ ಬರುವಂತಿಲ್ಲ. ಒಂದೇ ದಿನಕ್ಕೆ ಬಂದುಹೋಗುವ ಅಮ್ಮ ಎಲ್ಲಾದರೂ ಉಂಟೇ? ಗಟ್ಟಿಮುಟ್ಟಾಗಿದ್ದ ಹುಡುಗಿ ಮೂರು ನೀರು ಮುಗಿಯುವ ತನಕ ಬಾಗಿಲ ಹಿಂದೆ ಕೂರಬೇಕಾಯಿತು. ಅವರವ್ವನಿಗೆ ಸುಳ್ಳಿಗಿಂತ ತಾಯಿಯ ಮುನಿಸಿನದೇ ಹೆದರಿಕೆ. ಬಾರದ ತಾಯಿಗೆ ಬಂದ ತಾಯಿಗೆ ಮಾಡುವ ಎಲ್ಲವನ್ನೂ ಮಾಡಿದರು. ಬಾಗಿಲಿಗೆ ಬೇವು ಕಟ್ಟಿದರು, ಒಗ್ಗರಣೆ ಬಿಟ್ಟರು, ಬೇವು ಅರಿಶಿನ ಅರೆದು ಮಗಳ ಮೈಗೆ ಹಚ್ಚಿದರು. ಶೆಡ್ಡಿನ ಹೆಂಗಸರು ದಿನಾ ಬಸ್ಸಿನಲ್ಲಿ ಎಳನೀರು, ಮೊಸರು ಕಳಿಸುತ್ತಿದ್ದರು. ಅದನ್ನೆಲ್ಲ ಕುಡಿದು ಕುಡಿದು ಹುಡುಗಿಗೆ ನೆಗಡಿ ಬಂತು. ಅದೊಂದೇ ಆ ಮನೆಗೆ ನಿಜವಾಗಿ ಬಂದ ಕಾಯಿಲೆ.

ಮೂರನೇ ನೀರಿನ ದಿನ ತಾಯಿಯನ್ನು ಕಳಿಸಿಕೊಟ್ಟು ಬೀದಿಯವರಿಗೆ ಮೊಸರನ್ನ ಕೊಡುವುದು ಪದ್ಧತಿ. ಅವತ್ತು ಶೆಡ್ಡಿಗೆ ವಾರದ ರಜೆ. ನಾನೂ ನಾಲ್ಕಾರು ಹೆಂಗಸರೂ ಬಸ್ಸು ಹತ್ತಿ ಹೋದೆವು. ಹೋಗಿ ನೋಡಿದರೆ ಜಗುಲಿಯ ಮೇಲೆ ಅಂಚಿನ ಸೀರೆಯ ಆ ಹೆಂಗಸು ಆಗಲೇ ಕೂತಿದ್ದಾರೆ. ಹೇಳಿ ಕಳಿಸಿದವರಾರೂ ಇಲ್ಲ. ಕಂಡಕ್ಟರ್ ಹತ್ತಿರ ವಿಚಾರಿಸಿಕೊಂಡು ತಾವೇ ಬಂದಿದ್ದರು. ಹುಡುಗಿಯ ಅವ್ವ ನನ್ನನ್ನು ಒಳಗೆ ಎಳೆದುಕೊಂಡು, "ಮುಖ ನೋಡುದ್ರೆ ಗೊತ್ತಾಗೋಯ್ತದೆ ಕಣ್ರವ್ವ. ಒಂದು ಬೊಬ್ಬೆ ಗುರ್ತೂ ಇಲ್ಲ. ಏನಂತ ಏಳ್ಲಿ?" ಎಂದು ಕೇಳಿದರು. ಅಷ್ಟು ಹೊತ್ತಿಗೆ ಹುಡುಗಿಯೇ ಮೊಸರನ್ನದ ತಟ್ಟೆ ಹಿಡಿದು ಜಗುಲಿಗೆ ನಡೆದುಬಿಟ್ಟಳು.

ಆಕೆ ತಟ್ಟೆ ಈಸಿಕೊಳ್ಳಲಿಲ್ಲ. ಹುಡುಗಿಯ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ, ನಾವು ಎಲೆ ನೋಡುವ ಹಾಗೆ ಆ ಕಡೆ ಈ ಕಡೆ ನೋಡಿದರು.

"ಒಂದು ಕಲೆನೂ ಬುಡ್ದೆ ಓಗವ್ಳಲ್ಲ ತಾಯಿ" ಅಂದರು. ಆಮೇಲೆ ತಟ್ಟೆ ತೆಗೆದುಕೊಂಡು ಉಂಡರು. ಇನ್ನೊಂದು ಸಲವೂ ಬಡಿಸಿಕೊಂಡರು. ಕೈ ತೊಳೆದು, "ಮುಂದಿನ ವಾರ ಹುಡುಗನ್ನ ಕರ್ಕೊಂಡ್ ಬತ್ತೀನಿ" ಎಂದು ಹೇಳಿ ಹೊರಟರು. ಅವರಿಗೆ ಗೊತ್ತಾಗಲಿಲ್ಲ ಎಂದು ಹುಡುಗಿಯ ಅವ್ವ, ಗೊತ್ತಾಗಿದೆ ಎಂದು ನಾನು, ಬಸ್ಸು ಬರುವ ತನಕ ಚರ್ಚೆ ಮಾಡಿದೆವು.

ಮರುದಿನ ಹುಡುಗಿ ಕೆಲಸಕ್ಕೆ ಬಂದಳು. ಸಾಹುಕಾರರು ಅವಳ ಮುಖ ನೋಡಿ ಕಣ್ತುಂಬಿಕೊಂಡರು. ತಮ್ಮ ಕೆನ್ನೆಯನ್ನೊಮ್ಮೆ ಸವರಿಕೊಂಡು, "ನಿನ್ನ ಮೇಲೆ ತಾಯಿಗೆ ದಯೆ ಇದೆ, ಹೋಗು, ನಿನ್ನ ಜಾಗ ಹಾಗೇ ಇದೆ" ಅಂದರು. ಅವರು ಕೆಟ್ಟವರಲ್ಲ ಎಂದು ನನಗೆ ಖಚಿತವಾದದ್ದು ಆಗಲೇ. ಅವಳು ಒಣಗಿದ ಬೇವನ್ನು ಕಣ್ಣಿಗೊತ್ತಿಕೊಂಡು ಕಿಟಕಿಯ ಮೇಲಿಟ್ಟು, ಸೆರಗಿನಿಂದ ಮಣೆ ಒರೆಸಿ ಕೂತಳು.

ಮದುವೆಯಾಯಿತು. ಗಂಡನ ಊರಿಂದಲೂ ಹುಣಸೂರಿಗೆ ಬಸ್ಸಿದ್ದುದರಿಂದ ಕೆಲಸ ಬಿಡಲಿಲ್ಲ. ಮುಂದಿನ ಸುಗ್ಗಿಯ ಒಂದು ಬೆಳಿಗ್ಗೆ ನಾನು ಅವಳ ಹೆಸರು ಕೂಗಿದಾಗ ಗೇಟಿನಲ್ಲಿ ಅವಳತ್ತೆ, ಅಂಚಿನ ಸೀರೆಯ ಅದೇ ಹೆಂಗಸು, ನಿಂತಿದ್ದರು. ನನ್ನ ಕಣ್ಣು ಮೊದಲು ಅವರ ಕೈಯ ಕಡೆ ಹೋಯಿತು. ಬೇವಿರಲಿಲ್ಲ, ಬುತ್ತಿಯ ಗಂಟಿತ್ತು.

"ಅವ್ಳಿಗೆ ಮೈ ಉಷಾರಿಲ್ಲ" ಅಂದರು, ಸಾಹುಕಾರರಿಗೂ ಕೇಳುವ ಹಾಗೆ. "ಜರ ಇಲ್ಲ, ಯಾರೂ ಸತ್ತಿಲ್ಲ. ಸುಸ್ತು, ಅಷ್ಟೆ. ಇವತ್ತು ಮನೀಕೊ ಅಂದೀವ್ನಿ. ಅವ್ಳ ಜಾಗ ಯಾರ್ಗೂ ಕೊಡಬ್ಯಾಡಿ, ಅವಳ ಬದ್ಲು ನಾ ಕುಂತ್ಕತೀನಿ."

ಸಾಹುಕಾರರು ಬೈಯದೆ, ಒಳಗೆ ಬಿಡು ಎಂದು ನನಗೆ ಕೈಸನ್ನೆ ಮಾಡಿದರು. ಸುಳ್ಳು ಹೇಳಿದವರನ್ನು ಬೈದು ಅಭ್ಯಾಸವಿದ್ದವರು ಅವರು. ಆಕೆ ಒಳಗೆ ಹೋಗಿ ಸೊಸೆಯ ಮಣೆಯ ಮೇಲೆ ಕೂತು ಎಲೆ ಎತ್ತಿಕೊಂಡರು. ಸಂಜೆಯ ತನಕ ಹಸಿರು ಹಳದಿ ಎಲ್ಲ ಕಲಸಿ ಹಾಕಿದರು. ಪಕ್ಕದವಳು ಬೇಸರವಿಲ್ಲದೆ ಬಿಡಿಸಿ ಬಿಡಿಸಿ ಸರಿಮಾಡಿದಳು. ಆಮೇಲಾಮೇಲೆ ನಮ್ಮ ಗೇಟಿನಲ್ಲಿ ಅಕ್ಕನ ಬದಲು ತಂಗಿ, ಮಗಳ ಬದಲು ಅವ್ವ ಬಂದು "ಅವಳಿಗೆ ಉಷಾರಿಲ್ಲ" ಎಂದು ಹೇಳಿ ಕೂರುವುದು ಸಾಮಾನ್ಯವಾಯಿತು. ಅತ್ತೆ ಮಾವಂದಿರು ಸಾಯುವುದು ಕಡಿಮೆಯಾಯಿತು.

ಸೊಸೆಯ ಬದಲು ಮೊದಲ ಸಲ ಕೂತ ಆ ಸಂಜೆ ಆಕೆ ಸೊಪ್ಪಿನ ಕಪ್ಪು ಅಂಟು ಮೆತ್ತಿದ ಕೈಗಳನ್ನು ಬೂದಿ ಹಾಕಿ ಉಜ್ಜುತ್ತಾ ನನ್ನನ್ನು ಹತ್ತಿರ ಕರೆದರು.

"ನಾಳೆಗೂ ಅವ್ಳಿಗೆ ಸುಸ್ತಿದ್ರೆ ನಾನೇ ಬತ್ತೀನಿ ಕಣವ್ವ. ನಾನಿರೋವಾಗ ಆ ತಾಯಿನ ಯಾಕೆ ಬಸ್ಸತ್ತಿಸ್ಬೇಕು?"