ಅವಸರದಲ್ಲಿ ಬಂದ ಧಣಿ

ಜಾವಗಲ್ ಕಡೆಯ ಒಂದು ಕೊಬ್ಬರಿ ಶೆಡ್ಡಿನಲ್ಲಿ ನಾನು ಚಿಪ್ಪು ಬಿಡಿಸಲು ಕೂತಾಗ ನನಗೆ ಒಂಬತ್ತು ವರ್ಷ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯ ಚಿಪ್ಪನ್ನು ಮಚ್ಚಿನಿಂದ ತಟ್ಟಿ ಕಳಚಬೇಕು. ಒಳಗಿನ ಕೊಬ್ಬರಿ ಉಂಡೆ ಒಡೆದರೆ ಬೆಲೆ ಹೋಯಿತು. ಕೂಲಿ ನೂರು ಉಂಡೆಗೆ ಇಷ್ಟು ಎಂದು. ಕೂಲಿ ಪುಸ್ತಕದಲ್ಲಿ ಅವ್ವನ ಹೆಸರೊಂದೇ. ಆ ದರದಲ್ಲಿ ಒಬ್ಬಳ ದುಡಿಮೆಯಿಂದ ಒಲೆ ಉರಿಯುವುದಿಲ್ಲವೆಂದು ಧಣಿಗೆ ಗೊತ್ತಿತ್ತು. ಅವನು ನನ್ನನ್ನು ಕರೆಯಲೇ ಇಲ್ಲ. ಅವ್ವನೇ ಕರೆದುಕೊಂಡು ಹೋದಳು. ಬಡತನ ಬಡತನ ಎಂದು ಭಾಷಣ ಮಾಡುವವರಿಗೆ ಹೇಳುತ್ತೇನೆ: ಮೊದಲು ದರ ಗೊತ್ತುಮಾಡಿದವನು ಯಾರೆಂದು ಕೇಳಿ.

ಪಂಚಾಯ್ತಿ ಮೆಂಬರೂ ಅವನೇ, ಶಾಲೆಯ ಸಮಿತಿಗೆ ಅಧ್ಯಕ್ಷನೂ ಅವನೇ. ನಾನು ಹೋಗದ ದಿನವೂ ಶಾಲೆಯಲ್ಲಿ ನನ್ನ ಹಾಜರಿ ಬೀಳುತ್ತಿತ್ತು. ತಪಾಸಣೆಯ ಸಾಹೇಬರ ಜೀಪು ಶೆಡ್ಡಿಗೆ ಬಂದರೆ, "ಅವ್ವಂಗೆ ಬುತ್ತಿ ತಂದಿದೀನಿ ಅನ್ನು" ಎಂದು ಹೇಳಿಕೊಡುತ್ತಿದ್ದ. ಸಾಹೇಬರು ಎಳನೀರು ಕುಡಿದು ಹೊರಡುತ್ತಿದ್ದರು.

ನನ್ನ ಸರದಿಗೆ ಹದಿನೈದು ವರ್ಷ ಕಾದೆ. ಅಷ್ಟರಲ್ಲಿ ಹನ್ನೆರಡು ಹೆಂಗಸರನ್ನು ಕಟ್ಟಿಕೊಂಡು ಚಿಪ್ಪು ಬಿಡಿಸುವ ಗುತ್ತಿಗೆ ಹಿಡಿಯುತ್ತಿದ್ದೆ. ಕೊಬ್ಬರಿ ರೇಟು ಏರಿದ ಒಂದು ವಾರ ಅವನೇ ನಮ್ಮ ಬಾಗಿಲಿಗೆ ಬಂದ.

"ಇನ್ ನಾಕು ದಿನಕ್ಕೆ ಅರಸೀಕೆರೇಲಿ ಕೊಬ್ಬರಿ ಟೆಂಡರ್ ಐತೆ ಕಣಮ್ಮ. ನಿನ್ ಹೆಂಗಸ್ರನ್ನ ಕಳ್ಸು."

ದರ ಹೇಳಿದೆ, ಒಪ್ಪಿದ. ಅಷ್ಟಕ್ಕೆ ಹೋಗಿದ್ದರೆ ಬದುಕಿಕೊಳ್ಳುತ್ತಿದ್ದ. ನಮ್ಮ ಹೆಂಗಸರಲ್ಲೊಬ್ಬಳು ತನ್ನ ಪುಟ್ಟ ಮಗಳೊಂದಿಗೆ ಪಕ್ಕದಲ್ಲಿ ನಿಂತಿದ್ದಳು.

"ಈ ಮರೀನೂ ಬರ್ಲಿ. ಸಣ್ ಕೈಲಿ ಉಂಡೆ ಒಡೆಯಲ್ಲ. ಸ್ಕೂಲಲ್ಲಿ ನಾನ್ ಹೇಳ್ಕತೀನಿ."

ತಾಯಿ ಹೂಂ ಎಂದು ತಲೆ ಆಡಿಸಿಯೇಬಿಟ್ಟಳು. ನನ್ನ ಮೈ ಉರಿಯಿತು.

"ಹಂಗಾದ್ರೆ ದರ ಎರಡರಷ್ಟು, ಯಜಮಾನ್ರೇ. ಮಗು ಬರಲ್ಲ."

"ಏನಮ್ಮಾ, ನಮ್ ಶೆಡ್ಡಲ್ಲೇ ಬೆಳೆದೋಳು ನೀನು!"

"ಅದ್ಕೇ ನಿಮ್ ರೇಟು ನಂಗೊತ್ತು."

ಎದ್ದು ಹೋದ. ಮೂರು ಊರು ಸುತ್ತಿದ. ಸೀಸನ್ನಿನಲ್ಲಿ ಆಳು ಎಲ್ಲಿ ಸಿಗುತ್ತದೆ? ಮಾರನೇ ದಿನ ಬಂದು ಎರಡರಷ್ಟಕ್ಕೇ ಒಪ್ಪಿದ. ಇಬ್ಬರು ದುಡಿದರೆ ಸಿಗುತ್ತಿದ್ದದ್ದು ಈಗ ತಾಯಿಯೊಬ್ಬಳಿಗೇ ಸಿಗುತ್ತಿತ್ತು. ನನಗೆ ಅದೂ ಸಾಲಲಿಲ್ಲ.

"ಮಗು ಸ್ಕೂಲಿಗೆ ಹೋಗ್ಲಿ ಅಂತ ಆ ತಾಯಿಗೆ ನೀವೇ ಹೇಳಿ."

ಹೆಂಗಸರೆಲ್ಲ ನೋಡುತ್ತಿದ್ದರು. ಗೊಣಗಿದ.

"ಕೇಳಿಸ್ಲಿಲ್ಲ."

ಗಟ್ಟಿಯಾಗಿ ಹೇಳಿದ.

ಚೌಕಾಸಿ ಕಲಿಯುವವರು ಇಷ್ಟು ನೆನಪಿಡಿ: ಎದುರಿನವನಿಗೆ ಅವಸರವಿರುವ ದಿನ ಕನಿಕರ ತೋರಿಸಬೇಡಿ. ಹುಡುಗಿ ಶಾಲೆಗೆ ಹೋದಳು. ಅವನಿಗೂ ಟೆಂಡರಿನಲ್ಲಿ ಒಳ್ಳೆಯ ಬೆಲೆಯೇ ಸಿಕ್ಕಿತು. ಅದೊಂದು ನನಗೆ ಇವತ್ತಿಗೂ ಹೊಟ್ಟೆಯುರಿ.