ಗಿರಿಜೆಯ ಹಲ್ಲಿಗಾಗಿ ಹೊಸದುರ್ಗಕ್ಕೆ

೧೯೭೬ರ ಫೆಬ್ರವರಿಯ ಒಂದು ಭಾನುವಾರ, ಬೆಳಿಗ್ಗೆ ಏಳಕ್ಕೆ ಚಿತ್ರದುರ್ಗದಲ್ಲಿ ಹೊಳಲ್ಕೆರೆಯ ಬಸ್ಸು ಹತ್ತಿದೆ. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳುವವಳಿಗೆ ಬೇರೆಯವರ ಮದುವೆಯ ಉಸಾಬರಿ ಯಾಕೆ ಎಂದು ಮನೆಯಲ್ಲಿ ಗೊಣಗಿದರು. ನನ್ನ ಹಳೆಯ ವಿದ್ಯಾರ್ಥಿನಿ ಗಿರಿಜೆಯನ್ನು ಹೊಳಲ್ಕೆರೆಯ ಹುಡುಗ ಮೆಚ್ಚಿದ್ದ, ಅವಳಿಗೂ ಮನಸ್ಸಿತ್ತು. ಅವನ ತಂದೆ ಮಾತ್ರ ಅವಳ ಹಲ್ಲಿನ ಕಂದು ಪಟ್ಟೆ ನೋಡಿ, ಇದು ವಂಶದ ದೋಷ, ಮೊಮ್ಮಕ್ಕಳಿಗೂ ಬರುತ್ತದೆ ಎಂದು ಸಂಬಂಧ ಬೇಡವೆಂದಿದ್ದರು. ನನಗೆ ಸಿಟ್ಟು ಬಂದು, ‘ಒಮ್ಮೆ ಹುಡುಗಿಯ ಊರಿಗೆ ನನ್ನ ಜೊತೆ ಬನ್ನಿ’ ಎಂದು ಅವರಿಗೆ ಕಾಗದ ಬರೆದಿದ್ದೆ.

ಇಪ್ಪತ್ತು ಮೈಲಿಗೆ ಒಂದೂಕಾಲು ರೂಪಾಯಿ ಟಿಕೇಟು. ಹೊಳಲ್ಕೆರೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ತಿನ್ನುವಷ್ಟರಲ್ಲಿ ಹುಡುಗನ ತಂದೆ ಸಿದ್ರಾಮಪ್ಪನವರು ಬಂದೇ ಬಂದರು. ದನದ ಸಂತೆಗಳಲ್ಲಿ ಎತ್ತಿನ ಬಾಯಿ ಬಿಡಿಸಿ ವಯಸ್ಸು ಹೇಳುವುದರಲ್ಲಿ ಹೆಸರಾದ ರೈತರು. ಹೊಸದುರ್ಗದ ಬಸ್ಸಿನಲ್ಲಿ ಪಕ್ಕದ ಸೀಟಿನಿಂದಲೇ ಶುರುಮಾಡಿದರು.

“ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತ ಸುಮ್ಕೆ ಹೇಳ್ಯಾರೇನ್ರಿ ಟೀಚರಮ್ಮ?”

“ಹಾಗಾದರೆ ಮೊದಲು ತಾಯಿಯನ್ನೇ ನೋಡಿ” ಎಂದೆ.

ಹೊಸದುರ್ಗದಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಎಳನೀರು ಕುಡಿದು ಬಾಗೂರಿನ ಬಸ್ಸು ಹಿಡಿದು, ಇಳಿದ ಮೇಲೆ ಗಿರಿಜೆಯ ಊರಿಗೆ ಎರಡು ಮೈಲಿ ನಡೆದೆವು. ಗಿರಿಜೆಯ ತಂದೆ ತಿಪ್ಪಣ್ಣ ಬಾಗಿಲಲ್ಲೇ ಕಾದಿದ್ದರು. ಅವರ ಹಲ್ಲೂ ಕಂದು, ನೋಡಲು ಬಂದ ನೆರೆಯವರದೂ ಕಂದು. ಗಿರಿಜೆಯ ತಾಯಿ ಹಿರಿಯೂರಿನ ಕಡೆಯವರು, ಮದುವೆಯಾಗಿ ಬಂದವರು. ಅವರು ನಕ್ಕರೆ ಹಲ್ಲು ಮಲ್ಲಿಗೆ ಮೊಗ್ಗು.

ಹಲ್ಲು ಮೂಡುವ ವಯಸ್ಸಿನಲ್ಲಿ ಕುಡಿದ ಬಾವಿ ನೀರಿನ ಗುಣ ಇದು, ವಂಶದ್ದಲ್ಲ ಎಂದೆ. ಸಿದ್ರಾಮಪ್ಪ ಸೋಲುವವರಲ್ಲ.

“ಅಪ್ಪನ ಕಡೆಯಿಂದ ಬಂದಿರಬೌದು. ಊರಾಗೆ ಎಲ್ಲಾರೂ ಒಬ್ರಿಗೊಬ್ರು ನೆಂಟ್ರೇ. ರಕ್ತ ಒಂದೇ ಐತೆ.”

ಬಾಗಿಲ ಮರೆಯಲ್ಲಿ ಗಿರಿಜೆ ನಿಂತು ಕೇಳುತ್ತಿದ್ದಳು. ಸಿದ್ರಾಮಪ್ಪ ಹೊರಡಲು ಎದ್ದರು. ಅಂಗಳದಲ್ಲಿ ಜೋಡಿ ಎತ್ತು ಕಟ್ಟಿತ್ತು. ಎತ್ತು ಕಂಡರೆ ಸುಮ್ಮನಿರುವ ಕೈಯಲ್ಲ ಅವರದು. ಒಂದರ ತುಟಿ ಬಿಡಿಸಿ ನೋಡಿದರು, ಹುಬ್ಬು ಗಂಟಿಕ್ಕಿದರು, ಇನ್ನೊಂದರದನ್ನೂ ನೋಡಿದರು.

“ಏನಪ್ಪ ತಿಪ್ಪಣ್ಣ, ಈ ಎತ್ತಿನ ಹಲ್ಲು ಯಾಕೆ ಹಿಂಗೆ ಕಂದಗೈತೆ? ಅದರದು ಬೆಳ್ಳಗೈತಲ್ಲ?”

“ಅದು ಸಂತೇಲಿ ತಂದಿದ್ದು. ಇದು ನಮ್ಮನ್ಯಾಗೇ ಹುಟ್ಟಿದ ಕರ. ನಾವು ಕುಡಿಯೋ ನೀರೇ ಕುಡ್ದು ಬೆಳೆದಿದ್ದು.”

ನಾನು ತಡೆಯಲಾರದೆ ಕೇಳಿಯೇಬಿಟ್ಟೆ: “ಎತ್ತಿಗೂ ಗಿರಿಜೆಗೂ ರಕ್ತ ಒಂದೇ ಏನ್ರಿ?”

ಸಿದ್ರಾಮಪ್ಪ ಎತ್ತಿನ ಕೊರಳು ಸವರಿದರು. “ನಲವತ್ತು ವರ್ಸ ಹಲ್ಲು ನೋಡಿದೆ, ನೀರು ನೋಡ್ಲಿಲ್ಲ” ಎಂದು ಮತ್ತೆ ಬಂದು ಜಗುಲಿಯ ಮೇಲೆ ಕುಳಿತರು. “ಹೆಣ್ಣು ಕೊಡ್ರಪ್ಪ. ನಮ್ಮ ತಪ್ಪಾತು.”

ತಿಪ್ಪಣ್ಣ ಕೈಮುಗಿಯುವ ಮೊದಲೇ ಗಿರಿಜೆ ಹೊರಗೆ ಬಂದಳು. ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ತರಗತಿಯಲ್ಲೂ ನಾನು ಕೇಳಿರಲಿಲ್ಲ.

“ಮಾವಾರೆ, ನಿಮ್ಮೂರ ನೀರು ಹೆಂಗೈತೆ? ನನ್ನ ಮಕ್ಕಳು ಕುಡಿಯೋದು ಅದನ್ನೇ ಅಲ್ವೇನ್ರಿ?”

ಸಿದ್ರಾಮಪ್ಪ ಎಲೆಅಡಿಕೆ ಉಗುಳಿ, ಬಾಯಿ ಮುಕ್ಕಳಿಸಿ, ಅವಳ ಮುಂದೆ ಅಗಲಕ್ಕೆ ಬಾಯಿ ತೆರೆದರು.

“ಅಲ್ಲೇ ಹುಟ್ಟಿ ಬೆಳೆದೋನು ನಾನು. ನೋಡ್ಕಳವ್ವ.”

ಗಿರಿಜೆ ಹತ್ತಿರ ಹೋಗಿ, ಸ್ವಲ್ಪವೂ ಅವಸರ ಮಾಡದೆ, ಮೇಲಿನ ಸಾಲು ನೋಡಿದಳು, ಕೆಳಗಿನ ಸಾಲನ್ನೂ ನೋಡಿದಳು. ಎಲೆಅಡಿಕೆಯ ಕೆಂಪು ಬಿಟ್ಟರೆ ಕಂದು ಪಟ್ಟೆ ಎಲ್ಲೂ ಇರಲಿಲ್ಲ. ಆಮೇಲೆ ತನ್ನ ಅಪ್ಪನ ಕಡೆ ತಿರುಗಿ, “ಆಗ್ಲಿ” ಎಂದಳು.