ನಿಂಬೆಹಣ್ಣು ಒಡೆದ ಚಕ್ರ

ಶಿಕಾಗೊದ ರೈಲು ರಿಪೇರಿ ಶೆಡ್ಡಿನಲ್ಲಿ ಮೊದಲ ದಿನವೇ, ನಿನಗೆ ಭಾಗಗಳ ಹೆಸರೇ ಗೊತ್ತಿಲ್ಲ ಎಂದುಬಿಟ್ಟರು. ನನಗೆ! ಬೆಂಗಳೂರಿನ ಶೆಡ್ಡಿನಲ್ಲಿ ಚಕ್ರಗಳ ಕೆಳಗೇ ಅರ್ಧ ಆಯಸ್ಸು ಕಳೆದ ಗೌರಿಬಿದನೂರಿನ ಫಿಟ್ಟರ್‌ಗೆ!

ಚಕ್ರಗಳನ್ನು ಹಿಡಿದಿಡುವ ಚೌಕಟ್ಟಿಗೆ ನಮ್ಮ ಶೆಡ್ಡಿನಲ್ಲಿ ಬೋಗಿ ಎನ್ನುತ್ತಿದ್ದೆವು. ಇಂಗ್ಲಿಷ್ ಹುಟ್ಟಿದ ದೇಶದಲ್ಲೂ ಹಾಗೇ ಅನ್ನುತ್ತಾರೆ. ಇವರಿಗೆ ಅದು ಟ್ರಕ್ಕಂತೆ. ಅದರ ಮೇಲೆ ಕೂರುವ ಕೋಚು ಕಾರಂತೆ. ರಸ್ತೆಯ ಮೇಲಿನದನ್ನೆಲ್ಲ ಹಳಿಗೆ ತಂದು ಹಾಕಿದ್ದಲ್ಲದೆ, ಇಂಗ್ಲಿಷ್ ಕಲಿಸುವ ಜಂಬ ಬೇರೆ. ಮಧ್ಯಾಹ್ನ ತಣ್ಣನೆಯ ಬ್ರೆಡ್ಡಿನ ನಡುವೆ ತಣ್ಣನೆಯ ಮಾಂಸವಿಟ್ಟು ಊಟ ಎನ್ನುವ ಜನರಿಂದ ಇನ್ನೇನು ನಿರೀಕ್ಷಿಸಲಿ?

ನಮ್ಮೂರಿನವರೂ ಸಾಚಾಗಳಲ್ಲ. ಇಡೀ ಡಬ್ಬಿಯನ್ನೇ ಬೋಗಿ ಎನ್ನುತ್ತಾರೆ. ಅಮ್ಮನನ್ನು ಎಷ್ಟು ತಿದ್ದಿದರೂ, "ಬೋಗಿ ಅಂದ್ರೆ ಬೋಗಿ ಕಣೇ, ನೀನೊಬ್ಳು ದೊಡ್ಡ ಪಂಡಿತೆ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಪ್ರೊಬೇಷನ್ನಿನ ಕೊನೆಯ ದಿನ ನಾನೇ ರಿಪೇರಿ ಮಾಡಿದ ಕೋಚು ಹೊರಡಬೇಕಿತ್ತು. ಮೇಲ್ವಿಚಾರಕ ಡೇವ್ ಒಪ್ಪಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಹೊರಡುವ ಗಾಡಿಯನ್ನು ಚಕ್ರದಡಿ ನಿಂಬೆಹಣ್ಣು ಇಡದೆ ನಮ್ಮ ಶೆಡ್ಡಿನಲ್ಲಿ ಯಾರೂ ಬಿಡುತ್ತಿರಲಿಲ್ಲ. ನಾನೂ ಇಟ್ಟೆ. ಕೋಚು ಕದಲಿತು, ಹಣ್ಣು ಒಡೆಯಿತು, ಹಳಿ ಒದ್ದೆಯಾಯಿತು. ಡೇವ್ ಕೂಗಿ ಗಾಡಿ ನಿಲ್ಲಿಸಿದ. ಎಣ್ಣೆ ಸೋರಿಕೆಯಂತೆ! ಜನ ಟಾರ್ಚು ಹಿಡಿದು ಕೆಳಗೆ ನುಗ್ಗಿದರು. ಮೂಗಿದ್ದವರಿಗೆಲ್ಲ ತಿಳಿಯುವ ವಾಸನೆ ಈ ಮಹಾನುಭಾವರಿಗೆ ತಿಳಿಯಲಿಲ್ಲ.

ನಿಂಬೆಹಣ್ಣು, ಒಳ್ಳೆಯದಾಗಲಿ ಎಂದು ಇಟ್ಟೆ ಎಂದೆ. ಡೇವ್ ನಗಲಿಲ್ಲ. ಹಾಗಾದರೆ ಯಾವ ಭಾಗದಿಂದ ಏನೂ ಸೋರಿಲ್ಲ, ಅದರ ಹೆಸರು ಸರಿಯಾಗಿ ಹೇಳು ಎಂದ. ಬೋಗಿಯಿಂದ ಎಂದೆ. ಅವನು ಕೈಕಟ್ಟಿ ನಿಂತೇ ಇದ್ದ. ಸುತ್ತಲಿನವರೂ ನಿಂತರು. ಕೆಲಸ ಕೈತಪ್ಪುವುದು ಕಣ್ಣೆದುರೇ ಕಾಣುತ್ತಿತ್ತು. ಹೆದರಿದೆ.

ಟ್ರಕ್ಕಿನಿಂದ ಏನೂ ಸೋರಿಲ್ಲ ಎಂದೆ.

ಅವನು ತಲೆಯಾಡಿಸಿ ಕೈಕುಲುಕಿದ. ಕೆಲಸ ಕಾಯಂ ಆಯಿತು. ನನ್ನ ಮೇಲೇ ನನಗೆ ಅಸಹ್ಯವಾಯಿತು.

ಸಂಜೆ ಅಮ್ಮನಿಗೆ ಫೋನ್ ಮಾಡಿದೆ.

"ನಿನ್ ಬೋಗಿ ಚೆನ್ನಾಗಿ ಓಡ್ತಾ ಮಗಳೇ?" ಎಂದಳು.

ತಿದ್ದಲು ಬಾಯಿ ತೆರೆದೆ. ಅವಳ ದನಿಯಲ್ಲಿ ಅಷ್ಟು ಸಂತೋಷವಿತ್ತು.

"ಓಡ್ತಮ್ಮ, ಬೋಗಿ ಚೆನ್ನಾಗೇ ಓಡ್ತು" ಎಂದೆ.

ಹಗಲು ಇವರ ಮಾತು, ಸಂಜೆ ಅವಳ ಮಾತು. ಚೌಕಟ್ಟಿಗೆ ನಾನು ಕಲಿತ ಬೋಗಿ ಎಂಬ ಹೆಸರನ್ನು ಈಗ ಚಕ್ರದ ಕೆಳಗೆ ಒಬ್ಬಳೇ ಮಲಗಿರುವಾಗ ಮೆಲ್ಲಗೆ ಹೇಳಿಕೊಳ್ಳುತ್ತೇನೆ.